ಕಾಶಣ್ಣ ಮುಚ್ಚಿದ ಸೂಜಿ

ಕಾಶಣ್ಣ ಇಂಜಿನ್ನನ್ನು ಮೊದಲು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಮಾದರಿ ವಿಮಾನದ ಇಂಜಿನ್ ಎಂದರೆ ದೊಡ್ಡ ನಿಂಬೆಹಣ್ಣಿನಷ್ಟು ಲೋಹ. ಅದನ್ನು ಅಂಗೈಯಲ್ಲಿಟ್ಟು ಎಡಗಿವಿಗೆ ಒತ್ತಿ ಹಿಡಿದು, ಬಲಗೈ ಬೆರಳಿನಿಂದ ಪಂಖವನ್ನು ಮೆಲ್ಲಗೆ ತಿರುಗಿಸುವರು. ಒಳಗಿನ ಗಾಳಿ ಒತ್ತಿಕೊಂಡು, ಜಾಗ ಸಿಕ್ಕಲ್ಲಿ ಸಣ್ಣಗೆ ಉಸಿರು ಬಿಡುತ್ತದೆ. ಆ ಉಸಿರು ಕೇಳುವಾಗ ಅವರ ಕಣ್ಣು ಮುಚ್ಚಿರುತ್ತಿತ್ತು, ಬಾಯಿ ತುಸು ತೆರೆದಿರುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗಳು, ಇವರು ಫೋನಿನಲ್ಲಿ ಯಾರದೋ ಸಾವಿನ ಸುದ್ದಿ ಕೇಳುತ್ತಿದ್ದಾರೆಂದು ತಿಳಿದು ದನಿ ತಗ್ಗಿಸುತ್ತಿದ್ದರು.

ಎಡಗಿವಿ ಎಂದು ಬರೆದೆ. ನನ್ನ ಬಳಿ ಇರುವ ಒಂದೇ ಫೋಟೋದಲ್ಲಿ ಅದು ಬಲಗಿವಿ. ನೆನಪಿನಲ್ಲಿ ಮಾತ್ರ ಎಡಗಿವಿ. ಬಲಗೈಯಿಂದ ಪಂಖ ತಿರುಗಿಸುವವನಿಗೆ ಎಡಗಿವಿಯೇ ಸಲೀಸಾದ್ದರಿಂದ ನೆನಪು ಅದನ್ನು ತಾನೇ ಸರಿಪಡಿಸಿಕೊಂಡಿರಬೇಕು. ನೆನಪು ಹೀಗೆ ತನಗೆ ಸಲೀಸಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಮುಂದೆ ನಾನು ಹೇಳಬೇಕಾದ ಒಂದು ಗಳಿಗೆ ಇದೆ. ಅದನ್ನು ಓದುವಾಗ ಈ ಕಿವಿಯ ಗೊಂದಲ ನಿಮ್ಮ ಲಕ್ಷ್ಯದಲ್ಲಿರಲಿ.

ಅವರ ಹೆಸರು ಕಾಶೀನಾಥಪ್ಪ. ಊರು ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹಳ್ಳಿ. ನಾಸಿಕದ ಪಂಚವಟಿಯಲ್ಲಿ, ಗೋದಾವರಿಯ ಕಡೆ ಇಳಿಯುವ ಗಲ್ಲಿಯೊಂದರಲ್ಲಿ, ತಮ್ಮ ಸಿದ್ರಾಮನೊಡನೆ ಭಾಂಡೆ ಅಂಗಡಿ ನಡೆಸುತ್ತಿದ್ದರು. ಸ್ಟೀಲು, ಹಿತ್ತಾಳೆ, ತಾಮ್ರ. ಯಾತ್ರಿಕರು ಗಂಗಾಜಲಕ್ಕೆಂದು ಕೊಳ್ಳುವ ಪುಟ್ಟ ತಂಬಿಗೆಯಿಂದ ಹಿಡಿದು ಮದುವೆಯ ಅಡಿಗೆಗೆ ಬೇಕಾದ ಹಂಡೆಯವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಕೊಳ್ಳುವವರ ಎದುರು ಪ್ರತಿ ಪಾತ್ರೆಯನ್ನೂ ಬೆರಳಿನ ಗೆಣ್ಣಿನಿಂದ ಬಡಿದು ಕೇಳಿಸುವರು. ಸೀಳಿದ್ದರೆ ನಾದ ಅಲ್ಲೇ ಸಾಯುತ್ತದೆ. ಈ ಚಾಳಿ ಎಷ್ಟು ಬಲಿತಿತ್ತೆಂದರೆ, ಆಟೋದ ಬಾಗಿಲ ಸರಳು, ನಮ್ಮ ಮನೆಯ ಗೋಡೆ, ಒಮ್ಮೆ ನನ್ನ ಬೋಳುತಲೆ, ಎಲ್ಲವನ್ನೂ ಬಡಿದು ನೋಡಿದ್ದರು. ನನ್ನ ತಲೆಯ ಬಗ್ಗೆ ಅವರ ತೀರ್ಪು: "ಸಾಹೇಬ್ರ, ಸೀಳಿಲ್ಲ. ಖಾಲಿ ಅದ."

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಕಲಬುರಗಿಯಿಂದ ಸಂಭಾಜಿನಗರಕ್ಕೆ ಬಂದವನು. ಮನೆ ಚಿಕಲಠಾಣಾದಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರ. ಕಾಲೇಜಿನಲ್ಲಿ ಹತ್ತಿದ್ದ ಮಾದರಿ ವಿಮಾನದ ಹುಚ್ಚು ಅಲ್ಲಿ ಮತ್ತೆ ಕೆರಳಿತು. ಆದರೆ ನಿಜವಾದ ವಿಮಾನ ಇಳಿಯುವ ಕಡೆ ಮಾದರಿ ವಿಮಾನ ಹಾರಿಸುವಂತಿಲ್ಲ. ಬಾಲ್ಕನಿಯಲ್ಲಿ ಇಂಜಿನ್ ಚಾಲೂ ಮಾಡಿದ ದಿನ ಕೆಳಗಿನ ಮನೆಯವರು ಸೊಳ್ಳೆ ಹೊಗೆಯವರು ಬಂದರೆಂದು ಕಿಟಕಿ ಮುಚ್ಚಿಕೊಂಡರು. ಆಮೇಲೆ ನನ್ನ ಇಂಜಿನ್ ಸುಮ್ಮನೆ ಕೂತಿತು. ಕೂತದ್ದು ಅಂಟಿಕೊಂಡಿತು. ಚಾಂದವಡದಲ್ಲಿ ಈ ಹವ್ಯಾಸದ ಜಾಧವ್ ಸರ್ ಎಂಬ ನಿವೃತ್ತ ಚಿತ್ರಕಲಾ ಶಿಕ್ಷಕರಿದ್ದಾರೆ. ಅವರಿಗೆ ಫೋನು ಮಾಡಿದರೆ, ಪಂಚವಟಿಯ ಭಾಂಡೆ ಅಂಗಡಿಗೆ ಹೋಗಿ ಎಂದರು. ನಾನು ತಮಾಷೆ ಎಂದುಕೊಂಡೆ.

ಅಂಗಡಿಯಲ್ಲಿ ಕಾಶಣ್ಣ ಒಬ್ಬ ಹೆಂಗಸಿಗೆ ಕಢಾಯಿ ಬಡಿದು ತೋರಿಸುತ್ತಿದ್ದರು, ಮಾತು ಮರಾಠಿಯಲ್ಲಿ. ನಾನು ಕೈಯಲ್ಲಿ ಚೀಲ ಹಿಡಿದು ಒಂದು ಪಕ್ಕ ನಿಂತೆ. ಅವರು ನನ್ನನ್ನೊಮ್ಮೆ ನೋಡಿ, ಮೇಲಿನ ಅಟ್ಟದಿಂದ ಡಬ್ಬಿ ಇಳಿಸುತ್ತಿದ್ದ ತಮ್ಮನಿಗೆ ಕನ್ನಡದಲ್ಲಿ ಹೇಳಿದರು:

"ಸಿದ್ರಾಮಾ, ಈ ಸಾಹೇಬ್ರ ಮಾರಿ ನೋಡೋ. ಭಾಂಡೆ ಒಯ್ಯಾಕ ಬಂದ ಮಾರಿ ಅಲ್ಲ ಇದು. ಇಂಜಿನ್ ಅಂಟಿಕೊಂಡ ಮಾರಿ."

"ಹೌದ್ರಿ, ಅಂಟಿಕೊಂಡದ," ಎಂದೆ ನಾನು.

ಅವರು ನಾಚಲಿಲ್ಲ. "ಮತ್ತ ಮೊದಲ ಹೇಳಬಾರ್ದೇನ್ರಿ? ಸುಮ್ಮ ನಿಂತು ಮಂದಿ ಮಾತು ಕದ್ದು ಕೇಳ್ಲತ್ತೀರಿ," ಎಂದು ನನ್ನನ್ನೇ ಗದರಿಸಿ, ಕೈ ಚಾಚಿ ಚೀಲ ಇಸಿದುಕೊಂಡರು. ಅಟ್ಟದ ಮೇಲೆ ಸಿದ್ರಾಮ ನಗುತ್ತಿದ್ದ. ಅವನ ನಗುವಿಗೆ ಡಬ್ಬಿಗಳೂ ಅಲುಗಾಡಿದವು ಎಂದು ಬರೆಯಲು ಕೈ ಹೋಗುತ್ತದೆ. ಡಬ್ಬಿ ಅಲುಗಿದ್ದು ನಿಜ, ಆದರೆ ಅವನು ಅವನ್ನು ಇಳಿಸುತ್ತಿದ್ದುದರಿಂದ.

ಈ ಇಂಜಿನ್ನುಗಳು ಮೆಥನಾಲಿಗೆ ಔಡಲೆಣ್ಣೆ ಬೆರೆಸಿದ ಇಂಧನ ಕುಡಿಯುತ್ತವೆ. ಓಡುವಾಗ ಔಡಲೆಣ್ಣೆಯೇ ಅವುಗಳ ಜೀವ. ಓಡಿಸದೆ ಇಟ್ಟರೆ ಅದೇ ಎಣ್ಣೆ ಒಳಗೆ ಗೋಂದಿನಂತೆ ಗಟ್ಟಿಯಾಗಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಜೋರು ಮಾಡಿ ತಿರುಗಿಸಿದರೆ ಮುರಿಯುತ್ತದೆ. ಬಿಸಿ ಮಾಡಬೇಕು, ಎಣ್ಣೆ ತಾನಾಗಿ ಸಡಿಲುವವರೆಗೆ ಕಾಯಬೇಕು. ಇದಕ್ಕೆ ಕಾಶಣ್ಣನ ಮನೆಯಲ್ಲಿ ಒಂದು ಕುಕ್ಕರ್ ಮೀಸಲಾಗಿತ್ತು. ವಿಷದ ಇಂಧನ ಸೋಕಿದ ಪಾತ್ರೆ ಅಡಿಗೆಯ ಪಾತ್ರೆಗಳ ನಡುವೆ ಸೇರಬಾರದೆಂದು ಅವರ ಹೆಂಡತಿ ಶಾಂತಾ ವೈನಿ ಅದರ ಹೊಟ್ಟೆಗೆ ದಪ್ಪಗೆ ವಿಭೂತಿ ಬಳಿದಿಡುತ್ತಿದ್ದರು. ಬಿಸಿನೀರಿಗೆ ಅಳಿದುಹೋದ ವಿಭೂತಿಯನ್ನು ಪ್ರತಿ ಸಲವೂ ಹೊಸದಾಗಿ ಹಚ್ಚುವರು.

ನಾನು ಅದನ್ನೇ ನೋಡುತ್ತಿದ್ದಾಗ ವೈನಿ ವಿವರಿಸಿದರು. "ಇದು ದೇವ್ರಿಗೆ ಬಿಟ್ಟ ಕುಕ್ಕರ್ ನೋಡ್ರಿ. ಇದ್ರಾಗ ಅನ್ನ ಮಾಡಿದ್ರ ನಾವೂ ದೇವ್ರ ಕಡೀನೇ ಹೋಗ್ತೀವಿ."

ನನ್ನ ಇಂಜಿನ್ ಆ ಕುಕ್ಕರಿನಲ್ಲಿ ಕೂತು ಬೆಂದಿತು. ಬೇಯುವಾಗ ಕಾಶಣ್ಣ ನನಗೆ ತಮ್ಮ ಕಾನೂನು ಹೇಳಿದರು. ಯಾರೂ ತಮ್ಮ ಇಂಜಿನ್ನನ್ನು ತಾವೇ ಬಿಚ್ಚಬಾರದು, ಇನ್ನೊಬ್ಬರ ಕೈಗೆ ಕೊಡಬೇಕು. ಬಿಚ್ಚಿ ಸರಿಮಾಡಿದವನು ಅದನ್ನು ಚಾಲೂ ಮಾಡಬಾರದು, ಒಡೆಯನಿಗೆ ಹಿಂದಿರುಗಿಸಬೇಕು, ಮೊದಲ ಸದ್ದು ಒಡೆಯನದು. ಯಾಕೆ ಎಂದು ಕೇಳಿದೆ. "ತನ್ನ ಇಂಜಿನ್ ಬಿಚ್ಚಿದವ ದೋಷ ಹುಡುಕಂಗಿಲ್ಲರಿ, ನೆಪ ಹುಡುಕ್ತಾನ," ಎಂದರು. ಜಾಧವ್ ಸರ್ ಒಮ್ಮೆ ಈ ಕಾನೂನು ಮುರಿದು ತಮ್ಮದನ್ನು ತಾವೇ ಬಿಚ್ಚಿ ಜೋಡಿಸಿದ್ದರಂತೆ. ಕೊನೆಗೆ ಮೇಜಿನ ಮೇಲೆ ಒಂದು ಸಣ್ಣ ಉಂಗುರ ಉಳಿಯಿತು. ಅದನ್ನು ತಂಬಾಕಿನ ಡಬ್ಬಿಯಲ್ಲಿ ಅಡಗಿಸಿ, ಏನೂ ಆಗದವರಂತೆ ಮೈದಾನಕ್ಕೆ ಬಂದರು. ಕಾಶಣ್ಣ ಇಂಜಿನ್ನನ್ನು ಕಿವಿಗೆ ಹಿಡಿದು, ಒಂದು ಸುತ್ತು ತಿರುಗಿಸಿ, "ಸರ್, ಡಬ್ಬಿ ತೆಗೀರಿ," ಎಂದರಂತೆ. ಈ ಕತೆಯನ್ನು ನನಗೆ ಹೇಳಿದ್ದು ಸಿದ್ರಾಮ. ಸಿದ್ರಾಮ ಹೇಳಿದ ಕತೆಗಳಲ್ಲಿ ಅಣ್ಣ ಯಾವಾಗಲೂ ತುಸು ಎತ್ತರವಾಗಿ ಕಾಣುತ್ತಿದ್ದರು.

ಹಾರಿಸಲು ನಾವು ಸೇರುತ್ತಿದ್ದುದು ಚಾಂದವಡದಲ್ಲಿ, ಉಳ್ಳಾಗಡ್ಡಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ, ಮಾರುಕಟ್ಟೆಗೆ ರಜೆ ಇರುವ ದಿನ. ನಾಸಿಕಕ್ಕೂ ಸಂಭಾಜಿನಗರಕ್ಕೂ ಅದು ನಟ್ಟನಡುವೆ ಎಂದು ಕಾಶಣ್ಣ ಹೇಳುತ್ತಿದ್ದರು. ನಡುವೆಯೇನೂ ಅಲ್ಲ. ಅವರಿಗೆ ಹತ್ತಿರ, ನನಗೆ ಅದರ ಎರಡರಷ್ಟು ದೂರ. ನಕಾಶೆ ತೋರಿಸಿದರೆ, "ನಿಮ್ಮ ರಸ್ತೆ ಚಲೋ ಅದಲ್ರಿ, ಲೆಕ್ಕ ಬರೋಬರ್ ಆಗ್ತದ," ಎನ್ನುವರು. ಬಯಲಿನ ತುಂಬ ಉಳ್ಳಾಗಡ್ಡಿ ಸಿಪ್ಪೆ ಬಿದ್ದಿರುತ್ತಿತ್ತು. ಗಾಳಿ ಇದ್ದರೆ ಅವು ಓಡಾಡುತ್ತವೆ, ಇಲ್ಲದಿದ್ದರೆ ಬಿದ್ದಲ್ಲೇ ಇರುತ್ತವೆ. ಗಾಳಿಯ ದಿಕ್ಕು ತಿಳಿಯಲು ನಮಗೆ ಬೇರೆ ಬಾವುಟ ಬೇಕಿರಲಿಲ್ಲ. ಕಾಶಣ್ಣ ಟೊಮೆಟೊ ಹಣ್ಣಿನ ಒಂದು ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿಕೊಂಡು ಕೂರುವರು. ಯಾರ ವಿಮಾನ ಇಳಿದರೂ ಹಾರಿಸಿದವನು ಮೊದಲು ನೋಡುತ್ತಿದ್ದುದು ಆ ಕ್ರೇಟಿನ ಕಡೆಗೆ. ಅವರು ತಲೆ ಆಡಿಸಿದರೆ ಸರಿ. ಆಡಿಸದಿದ್ದರೆ ಸೂಜಿಯ ಪಾಠ.

ಸೂಜಿ ಎಂದರೆ ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ತೀರ್ಮಾನಿಸುವ ಸಣ್ಣ ತಿರುಪು. ತಿರುವಿದಾಗ ಅದರ ಸ್ಪ್ರಿಂಗು ಟಿಕ್ ಟಿಕ್ ಎನ್ನುತ್ತದೆ. ತೆರೆದಷ್ಟೂ ಇಂಧನ ಹೆಚ್ಚು. ಇಂಜಿನ್ ಹೊಗೆಯುಗುಳುತ್ತ, ಎಣ್ಣೆ ಎರಚುತ್ತ, ಮಂದ ದನಿಯಲ್ಲಿ ಓಡುತ್ತದೆ. ಕಾಶಣ್ಣ ಇದನ್ನು 'ಹಸಿ' ಎನ್ನುತ್ತಿದ್ದರು. ಮುಚ್ಚುತ್ತ ಬಂದರೆ ದನಿ ಚೂಪಾಗಿ ಶಕ್ತಿ ಏರುತ್ತದೆ, ಅದು 'ಒಣ'. ಇನ್ನೂ ಮುಚ್ಚಿದರೆ ಬಿಸಿಯಾಗಿ ಸಾಯುತ್ತದೆ. ಹೀಗಾಗಿ ಚಾಲೂ ಮಾಡುವ ಮೊದಲು ಎಲ್ಲರೂ ಸೂಜಿಯನ್ನು ಪೂರ್ತಿ ಮುಚ್ಚಿ, ಆಮೇಲೆ ಎರಡೂವರೆ ಸುತ್ತು ತೆರೆದು, ಅಲ್ಲಿಂದ ಕಿವಿ ಹೇಳಿದಂತೆ ಹೊಂದಿಸುತ್ತಾರೆ. ಕಾಶಣ್ಣನ ಕೈಗೆ ಯಾವ ಇಂಜಿನ್ ಬಂದರೂ ಬೆರಳು ಮೊದಲು ಮಾಡುತ್ತಿದ್ದ ಕೆಲಸ ಅದು, ಸೂಜಿ ಮುಚ್ಚುವುದು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿ.

ಕಾಶಣ್ಣ ಒಣದ ಕಡೆಯವರು, ಚೂಪು ದನಿಯವರು. ಸಿದ್ರಾಮ ಹಸಿಯ ಕಡೆಯವನು. ಅಣ್ಣನಿಗಿಂತ ಬಹಳ ಚಿಕ್ಕವನು, ಮಾತುಗಾರ, ಅಂಗಡಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದವನು. ವಿಮಾನ ಕಟ್ಟುವುದು ಅವನ ಪಾಲಿನ ಕೆಲಸ, ಇಂಜಿನ್ ಅಣ್ಣನ ಪಾಲಿನದು. ಆದರೆ ಒಂದು ವರ್ಷ ಅವನೇ ಒಂದು ಹಳೆಯ ಇಂಜಿನ್ ಕೊಂಡು, ಅದಕ್ಕೆ ತಕ್ಕ ಹಳದಿ ವಿಮಾನ ಕಟ್ಟಿ, ಸೂಜಿಯನ್ನೂ ತಾನೇ ಹೊಂದಿಸುತ್ತೇನೆಂದು ಹಟ ಹಿಡಿದ. ದೀಪಾವಳಿಗೆ ಮೊದಲಿನ ರಜೆ ಅದು. ಬಯಲಿನಲ್ಲಿ ನಾವಷ್ಟೇ ಅಲ್ಲ, ನೋಡಲು ಬಂದ ಉಳ್ಳಾಗಡ್ಡಿ ದಲಾಲರೂ ಇದ್ದರು. ಸಿದ್ರಾಮ ಸೂಜಿಯನ್ನು ಎಷ್ಟೋ ತೆರೆದಿಟ್ಟ. ಇಂಜಿನ್ ಚಾಲೂ ಮಾಡುವ ಮೊದಲೇ ಕಾಶಣ್ಣ ಕ್ರೇಟಿನಿಂದ ಎದ್ದು ಬಂದರು.

"ಮುಳುಗಿಸ್ತೀ ಅದನ್ನ. ನಿನಗ ಕಿವಿ ಇಲ್ಲೋ. ಭಾಂಡೆ ಬಡಿದು ಮಾರೋದು ಬ್ಯಾರೆ, ಇಂಜಿನ್ ಕೇಳೋದು ಬ್ಯಾರೆ."

ದಲಾಲರಲ್ಲಿ ಯಾರೋ ನಕ್ಕರು. ಸಿದ್ರಾಮ ಇಂಜಿನ್ ಹೊತ್ತಿಸಲು ಕೈಯಲ್ಲಿ ಹಿಡಿದಿದ್ದ ಬ್ಯಾಟರಿ ಕೆಳಗಿಟ್ಟ.

"ನೀ ನೆಲದ ಮ್ಯಾಲಿಂದು ಕೇಳ್ತಿ ಅಣ್ಣಾ. ಅದು ಓಡೋದು ನೆಲದ ಮ್ಯಾಲಲ್ಲ."

ಅಷ್ಟೇ ಅಂದದ್ದು. ಇಂಜಿನ್ ಚಾಲೂ ಮಾಡಲಿಲ್ಲ. ವಿಮಾನದ ರೆಕ್ಕೆ ಬಿಚ್ಚಿ ಕಾರಿನಲ್ಲಿಟ್ಟು, ನಮಗೆಲ್ಲ ಚಹಾ ತಂದುಕೊಟ್ಟ. ಅವನು ಅಂದು ಚಹಾ ತಂದನೇ ಎಂದು ನನಗೆ ಅನುಮಾನವಿದೆ. ಬೇರೆ ದಿನಗಳ ಚಹಾ ಇಲ್ಲಿಗೆ ಬಂದು ಸೇರಿರಬಹುದು. ಇನ್ನೊಂದು ಮಾತ್ರ ಅನುಮಾನವಿಲ್ಲದ್ದು. ಆ ವಾರವೇ, ಧನತ್ರಯೋದಶಿಗೆ ಅಂಗಡಿ ಸಿಂಗರಿಸುತ್ತಿದ್ದಾಗ, ಸಿದ್ರಾಮ ಎದೆ ಹಿಡಿದುಕೊಂಡು ಹಂಡೆಗಳ ನಡುವೆ ಕುಸಿದು ಕೂತ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ಇಡೀ ಪಂಚವಟಿ ಭಾಂಡೆ ಕೊಳ್ಳುವ ಆ ದಿನ ಅವರ ಅಂಗಡಿಯ ಶಟರ್ ಇಳಿದಿತ್ತು.

ಹಳದಿ ವಿಮಾನ ಅಂಗಡಿಯ ಮಾಡಿಗೆ ತೂಗುಬಿತ್ತು. ಅದರ ಇಂಜಿನ್ ಒಂದು ಸ್ಟೀಲ್ ಡಬ್ಬಿಯಲ್ಲಿ, ಸಿದ್ರಾಮ ಇಟ್ಟಿದ್ದ ಸೂಜಿಯ ಸಮೇತ, ಅಟ್ಟ ಸೇರಿತು. ಕಾಶಣ್ಣ ನಮ್ಮೆಲ್ಲರ ಇಂಜಿನ್ ಬಿಚ್ಚುತ್ತಿದ್ದರು, ಆ ಡಬ್ಬಿ ಮಾತ್ರ ತೆರೆಯಲಿಲ್ಲ. ಒಳಗಿನ ಔಡಲೆಣ್ಣೆ ಗಟ್ಟಿಯಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಕಾಶಣ್ಣ ಒಂದು ಮಧ್ಯಾಹ್ನ ನಾಸಿಕದಿಂದ ಬಸ್ಸು ಹಿಡಿದು, ಹೇಳದೆ ಕೇಳದೆ ಚಿಕಲಠಾಣಾದ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಆ ಡಬ್ಬಿ, ಇನ್ನೊಂದು ಕೈಯ ಚೀಲದಲ್ಲಿ ಕುಕ್ಕರ್. ವೈನಿ ಹೊಸ ವಿಭೂತಿ ಹಚ್ಚಿ ಕಳಿಸಿದ್ದರು. ಕೂತು ನೀರು ಕುಡಿದು, ಮೊದಲು ಕಿವಿಯ ವಿಷಯ ಹೇಳಿದರು. ಒಂದು ಕಿವಿ ಹೆಚ್ಚುಕಡಿಮೆ ಹೋಗಿದೆ, ಇನ್ನೊಂದೂ ಅದರ ಹಿಂದೆಯೇ ಹೊರಟಿದೆ ಎಂದು ಡಾಕ್ಟರು ಹೇಳಿದ್ದಾರೆ. ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಇದನ್ನ ಬಿಡಿಸಿಕೊಡ್ರಿ. ಅಂವ ಹೋದ ಮ್ಯಾಲ ಇದು ನಂದ ಆತು, ನಾ ಮುಟ್ಟಂಗಿಲ್ಲ. ಸೂಜಿ ಮಾತ್ರ ನೀವೂ ಮುಟ್ಟಬ್ಯಾಡ್ರಿ. ಅದು ಅಂವ ಇಟ್ಟಿದ್ದು."

ಅಕಸ್ಮಾತ್ ಅಲುಗಿದರೆ ಎಂದು ಒಂದು ಗುರುತು ಹಾಕಿಕೊಳ್ಳಲೇ ಎಂದು ಕೇಳಿದೆ.

"ಬ್ಯಾಡ್ರಿ. ಎಷ್ಟು ಇಟ್ಟಿದ್ದ ಅಂಬೋದು ನನಗ ಬ್ಯಾಡ. ಓಡ್ತಿತ್ತೋ ಇಲ್ಲೋ, ಅಷ್ಟ ಬೇಕು. ನಿನಗ ಕಿವಿ ಇಲ್ಲ ಅಂತ ಮಂದಿ ಮುಂದ ಅಂದೀನಿ. ಅಂದಿದ್ದು ಖರೇನೋ ಸುಳ್ಳೋ ನನಗ ಗೊತ್ತಾಗಬೇಕಲ್ರಿ. ನನ್ನ ಕಿವಿ ಇರೋದ್ರಾಗ."

ಅಷ್ಟರಲ್ಲಿ ಮುಂಬೈ ಕಡೆಯ ವಿಮಾನ ತಗ್ಗಿನಲ್ಲಿ ಹಾದು ಇಳಿಯತೊಡಗಿತು. ಕಿಟಕಿಯ ಗಾಜು ನಡುಗಿತು. ಕಾಶಣ್ಣ ತಲೆ ಓರೆ ಮಾಡಿ ಕೇಳಿ, "ಇಂವಂದೂ ಜರಾ ಒಣಾನೇ ಅದ," ಎಂದರು. ನಾನು ನಕ್ಕೆ, ಅವರು ನಗಲಿಲ್ಲ.

ಸೂಜಿಗೆ ಬಿಳಿ ದಾರ ಸುತ್ತಿ, ಅದು ಅಲ್ಲಾಡದಂತೆ ಕಟ್ಟಿ, ಇಂಜಿನ್ನನ್ನು ಕುಕ್ಕರಿನ ಹಬೆಯಲ್ಲಿ ಇಟ್ಟೆ. ಎಣ್ಣೆ ಸುಲಭಕ್ಕೆ ಬಿಡಲಿಲ್ಲ. ಬಿಸಿ ಮಾಡುವುದು, ಹೊಸ ಎಣ್ಣೆ ಬಿಡುವುದು, ಪಂಖ ಅಲುಗಿಸಿ ನೋಡುವುದು, ಮತ್ತೆ ಬಿಸಿ ಮಾಡುವುದು. ಒಂದು ಭಾನುವಾರ ಅದು ಕೂದಲೆಳೆಯಷ್ಟು ಅಲುಗಿತು. ಮುಂದಿನ ಭಾನುವಾರ ಇಡೀ ಸುತ್ತು ತಿರುಗಿತು. ಕಿವಿಗೆ ಹಿಡಿದೆ. ಉಸಿರಾಡುತ್ತಿತ್ತು. ಚಾಲೂ ಮಾಡಲಿಲ್ಲ, ಮೊದಲ ಸದ್ದು ಒಡೆಯನದು.

ಚಾಂದವಡದಲ್ಲಿ ಅಂದು ಮೂರೇ ಜನ. ಕಾಶಣ್ಣ, ಜಾಧವ್ ಸರ್, ನಾನು. ಬೇರೆ ಯಾರೂ ಬೇಡ ಎಂದು ಕಾಶಣ್ಣ ಮೊದಲೇ ಹೇಳಿದ್ದರು. ಹಳದಿ ವಿಮಾನಕ್ಕೆ ಇಂಜಿನ್ ಕೂರಿಸಿದೆವು. ಟ್ಯಾಂಕಿಗೆ ಇಂಧನ ತುಂಬಿದೆವು. ಸೂಜಿಯ ದಾರವನ್ನು ನಾನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಜಾಧವ್ ಸರ್ ಬಾಲ ಹಿಡಿದು ಮಂಡಿಯೂರಿದರು. ಕಾಶಣ್ಣ ವಿಮಾನದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಎಡಗೈಯಲ್ಲಿ ಬ್ಯಾಟರಿಯ ತಂತಿ ತೆಗೆದುಕೊಂಡರು. ಬಲಗೈ ಪಂಖದ ಕಡೆಗೆ ಹೋಯಿತು ಎಂದುಕೊಂಡೆ. ಅದು ಪಂಖವನ್ನು ದಾಟಿ ಹಿಂದಕ್ಕೆ ಹೋಯಿತು. ಟಿಕ್ ಟಿಕ್ ಟಿಕ್ ಟಿಕ್. ಒಂದೇ ಓಟದಲ್ಲಿ, ಕೊನೆಯವರೆಗೆ.

ಸೂಜಿ ಮುಚ್ಚಿತ್ತು.

ಜಾಧವ್ ಸರ್ ಬಾಲ ಹಿಡಿದಂತೆಯೇ, "ಕಿತಿ ಝಾಲೇ?" ಎಂದರು. ಎಷ್ಟು ಸುತ್ತಾಯಿತು ಎಂದು. ಗೊತ್ತಿದ್ದರೆ ಅಷ್ಟೇ ಸುತ್ತು ಮತ್ತೆ ತೆರೆಯಬಹುದಿತ್ತು.

"ಎಣಿಸಲಿಲ್ಲ," ಎಂದರು ಕಾಶಣ್ಣ ಕನ್ನಡದಲ್ಲಿ, ಮರಾಠಿ ಮರೆತವರಂತೆ.

ಆ ಗಳಿಗೆ ಇದು. ನನ್ನ ನೆನಪಿನಲ್ಲಿ, ಬೆರಳು ತಿರುಗುತ್ತಿದ್ದಾಗ ಅವರ ತುಟಿ ಅಲುಗುತ್ತಿತ್ತು. ಜಾಧವ್ ಸರ್ ಇಲ್ಲವೆನ್ನುತ್ತಾರೆ. ತಾನು ನೇರ ಎದುರಿಗಿದ್ದೆ, ತುಟಿ ಕಲ್ಲಿನಂತೆ ಮುಚ್ಚಿತ್ತು ಎನ್ನುತ್ತಾರೆ. ನಾನು ಪಕ್ಕದಲ್ಲಿದ್ದೆ, ಬಿಸಿಲಿಗೆ ಎದುರಾಗಿ. ತುಟಿ ಅಲುಗಿದ್ದನ್ನು ಕಂಡೆನೋ, ಆಮೇಲೆ ನಡೆದದ್ದು ಗೊತ್ತಾದ ಮೇಲೆ ಅದನ್ನು ಅಲ್ಲಿ ಅಂಟಿಸಿದೆನೋ, ಹೇಳಲಾರೆ. ನಲವತ್ತು ವರ್ಷ ಒಂದೇ ಕೆಲಸ ಮಾಡಿದ ಬೆರಳು ಮೈಮರೆತು ಮುಚ್ಚಿತೆಂಬುದನ್ನು ನಂಬಬಹುದು. ಮೈಮರೆಯದೆ ಮುಚ್ಚಿತೆಂಬುದನ್ನೂ ನಂಬಬಹುದು.

ಕಾಶಣ್ಣ ನಿಧಾನವಾಗಿ ಎದ್ದು ನಿಂತು ಬಯಲು ನೋಡಿದರು. "ಇವತ್ತ ಗಾಳಿ ಬರೋಬರ್ ಇಲ್ಲ. ಬಿಚ್ಚಿ ಇಡ್ರಿ," ಎಂದರು. ಉಳ್ಳಾಗಡ್ಡಿ ಸಿಪ್ಪೆಗಳು ಬಿದ್ದಲ್ಲೇ ಬಿದ್ದಿದ್ದವು. ಹಾರಿಸಲು ಅಂಥ ಒಳ್ಳೆಯ, ಗಾಳಿಯಿಲ್ಲದ ದಿನ ನಮಗೆ ಆ ವರ್ಷ ಮತ್ತೆ ಸಿಗಲಿಲ್ಲ.

ಆಮೇಲೆ ಅವರು ಸರಿಮಾಡಿ ಕೊಟ್ಟ ಇಂಜಿನ್ನುಗಳು ಎಲ್ಲವೂ ಹಸಿಯಾಗಿ ಓಡತೊಡಗಿದವು. ಒಡೆಯ ಚಾಲೂ ಮಾಡಿದ ಮೇಲೆ ಸೂಜಿಗೆ ಕೊನೆಯ ತಿರುವು ಕೊಡುತ್ತಿದ್ದುದು ಕಾಶಣ್ಣನೇ. ಈಗ ಅದು ಹೊಗೆ, ಎಣ್ಣೆ, ಮಂದ ದನಿಯಲ್ಲಿ ಮುಗಿಯುತ್ತಿತ್ತು. ಕಿವಿ ಪೂರ್ತಿ ಹೋಯಿತು ಪಾಪ ಎಂದು ಜಾಧವ್ ಸರ್ ಮರುಗಿದರು. ಇರಬಹುದು. ಕಿವಿ ನಿಜಕ್ಕೂ ಹೋಗುತ್ತಿತ್ತು.

ಕೊನೆಯ ಸಲ ನೋಡಿದ್ದು ಪಂಚವಟಿಯ ಮನೆಯಲ್ಲಿ, ಅಂಗಡಿಯ ಮೇಲಿನ ಮಹಡಿಯಲ್ಲಿ. ಮೂತ್ರಪಿಂಡ ಕೈಕೊಟ್ಟು ಮಲಗಿದ್ದರು. ಮುಖ ಸಣ್ಣದಾಗಿ ಕಿವಿ ದೊಡ್ಡದಾಗಿ ಕಾಣುತ್ತಿತ್ತು. ಶ್ರವಣಯಂತ್ರ ದಿಂಬಿನ ಬಳಿ ಒಂದು ವಾಟಿಯಲ್ಲಿ, ಪುಟ್ಟ ಸ್ಟೀಲ್ ಬಟ್ಟಲಲ್ಲಿ, ಇತ್ತು. ಹಾಕಿಕೊಳ್ಳಿ ಎಂದರೆ ಕೇಳುವುದಿಲ್ಲ ಎಂದು ವೈನಿ ದೂರಿದರು. ಕೆಳಗೆ ಗಲ್ಲಿಯಲ್ಲಿ ಆಟೋಗಳು ಸಿಕ್ಕಿಹಾಕಿಕೊಂಡು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಅವರಿಗೆ ಅದರ ಗೊಡವೆ ಇರಲಿಲ್ಲ. ನನ್ನನ್ನು ಕಂಡು ವೈನಿಗೆ ಸನ್ನೆ ಮಾಡಿದರು. ವೈನಿ ಸ್ಟೀಲ್ ಡಬ್ಬಿ ತಂದು ಹಾಸಿಗೆಯ ಮೇಲಿಟ್ಟರು.

ಕಾಶಣ್ಣ ಇಂಜಿನ್ನನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮುಚ್ಚಿದ್ದ ಸೂಜಿಯನ್ನು ತೆರೆಯತೊಡಗಿದರು. ಟಿಕ್. ಟಿಕ್. ಬಹಳ ನಿಧಾನ. ತಾವು ಜೀವಮಾನವಿಡೀ ನಿಲ್ಲಿಸುತ್ತಿದ್ದ ಜಾಗ ದಾಟಿ ಮುಂದೆ ಹೋದರು. ಇನ್ನೂ ಹೋದರು. ನಿಲ್ಲಿಸಿದರು. ಒಂದು ಟಿಕ್ಕು ಹಿಂದೆ ಬಂದು, ಕಣ್ಣು ತೆರೆದರು.

"ಇದು ಅಂವಂದು."

ಅವತ್ತು ಎಣಿಸಲಿಲ್ಲ ಅಂದಿದ್ದಿರಲ್ಲ ಎಂದು ಅವರ ಕಿವಿಯ ಬಳಿ ಗಟ್ಟಿಯಾಗಿ ಕೇಳಿದೆ. ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ಎತ್ತಿ ತೋರಿಸಿದರು.

"ನಾ ಎಣಿಸಲಿಲ್ಲ. ಇವು ಎಣಿಸ್ಯಾವ. ಕಿವಿ ಹೋದ ಮ್ಯಾಲ ಗೊತ್ತಾತು."

"ಹಂಗಾದ್ರ ತೆಗೆದು ಓಡಿಸಬಹುದಿತ್ತಲ್ರಿ ಕಾಶಣ್ಣ. ನಿಮಗ ಗೊತ್ತಾಗಬೇಕಿತ್ತಲ್ಲ?"

ಅವರು ಮೇಲಿನ ಮಾಡಿನತ್ತ ನೋಡಿದರು. ಪ್ರಶ್ನೆ ಕೇಳಿಸಲಿಲ್ಲವೆಂದು ಮತ್ತೆ ಹೇಳಲು ಬಗ್ಗಿದೆ.

"ಓಡಲಿಲ್ಲಂದ್ರ?" ಎಂದರು. "ನಾ ಅಂದಿದ್ದ ಖರೇ ಆಗ್ತಿತ್ತಲ್ರಿ. ಸತ್ತವನನ್ನ ಇನ್ನೊಮ್ಮಿ ಮಂದಿ ಮುಂದ ಸೋಲಿಸಿದಂಗ. ಅವತ್ತ ಪಂಖಕ್ಕ ಕೈ ಹಾಕೋತನಕ ಇದು ನನಗ ಹೊಳೀಲೇ ಇಲ್ಲ."

ಇಂಜಿನ್ನನ್ನು ನನ್ನ ಕೈಯಲ್ಲಿಟ್ಟು ಬೆರಳುಗಳನ್ನು ಅದರ ಮೇಲೆ ಮಡಿಸಿದರು. ತಾನು ಹೋದ ಮೇಲೆ ಓಡಿಸಿ, ವಿಮಾನವನ್ನೂ ಒಯ್ಯಿರಿ ಎಂದರು. ತನ್ನ ಇಂಜಿನ್ನಿನ ತೀರ್ಪು ತಾನು ಕೊಡುವಂತಿಲ್ಲ, ಕಾನೂನು ಗೊತ್ತಲ್ಲ ಎಂದರು. ವೈನಿ ತಿರುಗಿ ನಿಂತು ಸೆರಗಿನಿಂದ ವಾಟಿ ಒರೆಸುತ್ತಿದ್ದರು. ವಾಟಿ ಒಣಗಿಯೇ ಇತ್ತು.

ಕಾಶಣ್ಣನ ಮಗ ಫೋನು ಮಾಡಿದ್ದು ಒಂದು ಬೆಳಿಗ್ಗೆ, ಬ್ಯಾಂಕು ತೆರೆಯುವ ಹೊತ್ತಿಗೆ. ನಾಸಿಕದಲ್ಲೇ ಬೆಳೆದವನು, ಮನೆಯ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದವನು. ಮೊದಲು ಮರಾಠಿಯಲ್ಲಿ ಹೇಳಿದ. ಆಮೇಲೆ ಏನನ್ನಿಸಿತೋ, ತಡವರಿಸುತ್ತ, "ಅಪ್ಪಾ ಹೋದ್ರು ಕಾಕಾ," ಎಂದ.

ಚಾಂದವಡಕ್ಕೆ ಹಳದಿ ವಿಮಾನ ಒಯ್ದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಇಂಜಿನ್ ಕೂರಿಸುವಾಗ ಒಂದು ವಿಷಯ ಮೊದಲ ಸಲ ಕಣ್ಣಿಗೆ ಬಿತ್ತು. ಸಿದ್ರಾಮ ಟ್ಯಾಂಕನ್ನು ಸಾಮಾನ್ಯ ಜಾಗಕ್ಕಿಂತ ಕೆಳಗೆ ಕೂರಿಸಿದ್ದ. ಮೂಗಿನ ಅಂದಕ್ಕೋ ಏನೋ. ಅಂಥ ಟ್ಯಾಂಕು ಖಾಲಿಯಾಗುತ್ತ ಬಂದಂತೆ ಇಂಜಿನ್ನಿಗೆ ಇಂಧನ ಏರುವುದು ಕಷ್ಟವಾಗುತ್ತದೆ, ಹಾರಾಟದ ಕೊನೆಗೆ ಅದು ಒಣಗಿ ಸಾಯುತ್ತದೆ. ಮೊದಲೇ ಬಹಳ ಹಸಿ ಇಟ್ಟಿದ್ದರೆ ಮಾತ್ರ ಬದುಕುತ್ತದೆ. ಜಾಧವ್ ಸರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ನೋಡಿ, ಮತ್ತೆ ಹಾಕಿಕೊಂಡು ನೋಡಿದರು.

ಸೂಜಿ ಮುಟ್ಟದೆ ಚಾಲೂ ಮಾಡಿದೆ. ಬಿಳಿ ಹೊಗೆ ಉಗುಳಿತು, ತೊದಲಿತು, ನನ್ನ ಅಂಗಿಯ ತುಂಬ ಔಡಲೆಣ್ಣೆ ಎರಚಿತು. ಹಾರಿದ್ದೂ ಭಾರವಾಗಿ, ಗೊಣಗುತ್ತ. ಮೊದಲ ಸುತ್ತುಗಳಲ್ಲಿ, ಕಾಶಣ್ಣ ಹೇಳಿದ್ದೇ ಸರಿ, ಮುಳುಗುತ್ತಿದೆ ಎನ್ನಿಸಿತು. ಆಮೇಲೆ ಟ್ಯಾಂಕು ಇಳಿಯುತ್ತ ಬಂದಂತೆ ದನಿ ತಿಳಿಯಾಗತೊಡಗಿತು. ಹೊಗೆ ತೆಳುವಾಯಿತು. ವಿಮಾನ ಹೆದ್ದಾರಿಯ ಆಚೆ ಹೋಗಿ ತಿರುಗಿ ಬರುವಾಗ ಇಂಜಿನ್ ಬಡಿದ ಹಿತ್ತಾಳೆಯಂತೆ ಮೊಳಗುತ್ತಿತ್ತು. ಇಂಧನದ ಕೊನೆಯ ಹನಿಯವರೆಗೂ ಆ ನಾದ ಕದಲಲಿಲ್ಲ. ಆಮೇಲೆ ಥಟ್ಟನೆ ಮೌನ. ಹಳದಿ ವಿಮಾನ ಸದ್ದಿಲ್ಲದೆ ತೇಲಿ ಬಂದು ಸಿಪ್ಪೆಗಳ ನಡುವೆ ಇಳಿಯಿತು.

ನಾವಿಬ್ಬರೂ ಒಟ್ಟಿಗೆ ಕ್ರೇಟಿನ ಕಡೆಗೆ ತಿರುಗಿದೆವು. ಅಲ್ಲಿ ಕ್ರೇಟೂ ಇರಲಿಲ್ಲ.

ಸಿದ್ರಾಮ ಗೆದ್ದ ಎಂದು ಬರೆದು ಮುಗಿಸಬಹುದು. ಆದರೆ ಆ ಸೂಜಿ ಸಿದ್ರಾಮ ಇಟ್ಟದ್ದೇ? ಅಂಗಡಿಯ ಮಾಡಿನ ಕೆಳಗೆ ಕೂತು ಅಷ್ಟು ವರ್ಷ ಆ ವಿಮಾನದ ಹೊಟ್ಟೆಯನ್ನೇ ನೋಡುತ್ತಿದ್ದ ಕಾಶಣ್ಣ ತಗ್ಗಿನ ಟ್ಯಾಂಕನ್ನು ಕಾಣದೆ ಇರುತ್ತಿದ್ದರೇ? ಸರಿಯಾದ ಜಾಗವನ್ನು ತಾವೇ ಲೆಕ್ಕ ಹಾಕಿ, ಬೆರಳು ಎಣಿಸಿತು ಎಂದು ಹೇಳಿ, ತಮ್ಮನ ಹೆಸರಿನಲ್ಲಿ ಇಟ್ಟುಕೊಟ್ಟರೇ? ಅದೂ ಆ ಬೆರಳುಗಳಿಗೆ ಸಾಧ್ಯವಿತ್ತು. ಈ ಅನುಮಾನವನ್ನು ಜಾಧವ್ ಸರಿಗೆ ಹೇಳಿಲ್ಲ.

ಅವರು ಆಗಲೇ ವಿಮಾನದ ಬಳಿ ಮಂಡಿಯೂರಿದ್ದರು. ಎಣ್ಣೆ ತೊಯ್ದ ರೆಕ್ಕೆಗೆ ಕೆಂಪು ಸಿಪ್ಪೆಗಳು ಅಂಟಿಕೊಂಡಿದ್ದವು. ಹಾರಾಟ ಮುಗಿದ ಮೇಲೆ ಉಳಿದ ಇಂಧನ ಸೋರದಂತೆ ಸೂಜಿ ಮುಚ್ಚಿ ಇಡುವುದು ನಮ್ಮೆಲ್ಲರ ರೂಢಿ. ಅವರ ಕೈ ತಾನಾಗಿ ಅತ್ತ ಹೋಗಿ, ಸೂಜಿಯ ಮೇಲೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿ, ಎಣಿಸಲೇ ಎಂದು ಕೇಳಿದರು.

ಬೇಡ ಎಂದೆ.

ಅವರು ತಿರುವತೊಡಗಿದರು. ನಾನು ಹೆದ್ದಾರಿಯ ಲಾರಿಗಳ ಕಡೆ ಮುಖ ಮಾಡಿ ನಿಂತೆ. ಕಿವಿ ಮಾತ್ರ ಕೇಳುತ್ತಲೇ ಇತ್ತು.